1,86,000 ಕಿಲೋಮೀಟರ್ ಓಡಿದ ಡೀಸೆಲ್ ಕಾರಿಗೆ ಮನೆ ಮುಂದೆಯೇ ಸರ್ವಿಸ್

ನಮ್ಮದು 2013ರ ಮಾರುತಿ ಡಿಸೈರ್ ಡೀಸೆಲ್, 1248 ಸಿಸಿ (1.3 ಲೀಟರ್ ಎಂದು ಕರೆಯುವ) ಇಂಜಿನ್. ದಾವಣಗೆರೆಯಿಂದ ಬೆಂಗಳೂರು, ಚನ್ನಗಿರಿ ಕಡೆಯ ನೆಂಟರ ಮನೆ, ಚಿತ್ರದುರ್ಗ, ವರ್ಷಕ್ಕೊಮ್ಮೆ ಧರ್ಮಸ್ಥಳ, ಎಲ್ಲಾ ಓಡಾಟವೂ ಇದರಲ್ಲೇ. ಮೀಟರ್ 1,86,000 ತೋರಿಸುತ್ತಿದೆ. ಕಳೆದ ಆರು ವರ್ಷಗಳಿಂದ ಇದರ ಸರ್ವಿಸ್ ಬಹುಪಾಲು ನಾನೇ ಮನೆ ಮುಂದೆ ಮಾಡಿಕೊಳ್ಳುತ್ತೇನೆ.

ಶುರು ಮಾಡಿದ್ದು ಒಂದು ಹನಿ ಎಣ್ಣೆಯಿಂದ. ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿಕೊಂಡು ಬಂದ ಮರುದಿನ ಬೆಳಿಗ್ಗೆ ಅಂಗಳದ ಟೈಲ್ಸ್ ಮೇಲೆ ಐದು ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ ಇತ್ತು. ಬಗ್ಗಿ ನೋಡಿದರೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಸೊಟ್ಟಗೆ ಕೂತಿದೆ. ಥ್ರೆಡ್ ಸರಿಯಾಗಿ ಹಿಡಿಸದೆ ಉದ್ದನೆಯ ಪಾನಾ ಹಾಕಿ ಬಿಗಿದುಬಿಟ್ಟಿದ್ದರು. ಆಯಿಲ್ ಚೇಂಬರ್ ಬಿಚ್ಚಿ ಥ್ರೆಡ್ ಮಾಡಿಸಿದ್ದಾಯಿತು. ಅವತ್ತು ನನಗೆ ಹೆಚ್ಚು ಬೇಸರ ತಂದದ್ದು ಖರ್ಚಲ್ಲ. ಹಳೆಯ ಆಯಿಲ್ ಹೇಗಿತ್ತು, ಫಿಲ್ಟರ್‌ನಲ್ಲಿ ಏನು ಸಿಕ್ಕಿತು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಆಗಲೇ ಬ್ಯಾರಲ್‌ಗೆ ಸುರಿದಾಗಿತ್ತು.

ಹೊಸ ಗಾಡಿಗೆ ಅದು ನಡೆಯುತ್ತದೆ. ಆದರೆ ಒಂದೂವರೆ ಲಕ್ಷ ದಾಟಿದ ಡೀಸೆಲ್ ಗಾಡಿಗೆ ಹೊಸದು ಹಾಕುವುದು ಅರ್ಧ ಕೆಲಸ ಅಷ್ಟೇ. ಹೊರಗೆ ಬಂದದ್ದನ್ನು ನೋಡುವುದು ಉಳಿದರ್ಧ. ಕೆಟ್ಟು ನಿಲ್ಲುವ ಮೊದಲು ಇಂಜಿನ್ ಹೇಳಬೇಕಾದದ್ದನ್ನೆಲ್ಲಾ ಹಳೆಯ ಎಣ್ಣೆಯಲ್ಲಿ, ಫಿಲ್ಟರ್‌ನಲ್ಲಿ, ಹೊಗೆಯಲ್ಲಿ ಹೇಳಿರುತ್ತದೆ. ಕೆಳಗಿನ ಪ್ರತಿ ಹಂತದಲ್ಲೂ ನಾನು ಅದನ್ನೇ ಜಾಸ್ತಿ ಹೇಳುತ್ತೇನೆ.

ಮೊದಲು ಜಾಗ ಮತ್ತು ಜೀವ

ಏಪ್ರಿಲ್ ಬಿಸಿಲಲ್ಲಿ ಹತ್ತು ಗಂಟೆಯ ಮೇಲೆ ನಮ್ಮೂರಲ್ಲಿ ಗಾಡಿ ಕೆಳಗೆ ಮಲಗಲು ಆಗುವುದಿಲ್ಲ, ಅದಕ್ಕೆ ನಾನು ಭಾನುವಾರ ಬೆಳಿಗ್ಗೆ ಆರಕ್ಕೇ ಶುರು ಮಾಡುತ್ತೇನೆ. ಜಾಗ ಸಮತಟ್ಟಾಗಿರಬೇಕು, ನೆಲ ಗಟ್ಟಿ ಇರಬೇಕು. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಎರಡೂ ಚಕ್ರಕ್ಕೆ ಮುಂದೊಂದು ಹಿಂದೊಂದು ಕಲ್ಲು ಒತ್ತಿಡಿ.

ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಒಂದು ನಿಮಿಷಕ್ಕೂ ಹೋಗಬೇಡಿ. ಡಿಕ್ಕಿಯಲ್ಲಿ ಬರುವ ಜಾಕ್ ಸ್ಟೆಪ್ನಿ ಬದಲಾಯಿಸಲಿಕ್ಕೆ ಮಾತ್ರ. ಸಿಮೆಂಟ್ ಬ್ಲಾಕ್, ಇಟ್ಟಿಗೆ, ಸೈಜುಗಲ್ಲು ಇವನ್ನೂ ಆಧಾರಕ್ಕೆ ಇಡಬೇಡಿ. ಭಾರ ಒಂದೇ ಕಡೆ ಬಿದ್ದರೆ ಬ್ಲಾಕ್ ಹೇಳದೆ ಕೇಳದೆ ಒಡೆಯುತ್ತದೆ. ಎರಡು ಕಬ್ಬಿಣದ ಸ್ಟ್ಯಾಂಡ್ ಅಥವಾ ಒಂದು ಜೊತೆ ರ‍್ಯಾಂಪ್ ಕೊಳ್ಳಿ, ಮಿಕ್ಕ ಸಾಮಾನಿಗೆ ಆಮೇಲೆ ಖರ್ಚು ಮಾಡಿದರಾಯಿತು.

ಸಾಮಾನು: ರಿಂಗ್ ಪಾನಾ ಸೆಟ್, ಸಾಕೆಟ್ ಸೆಟ್, ಆಲಿಕೆ, ಐದು ಲೀಟರ್ ಹಿಡಿಯುವ ಅಗಲವಾದ ಟಬ್, ಹಳೆಯ ಬನಿಯನ್ ಬಟ್ಟೆ, ಎರಡು ಪಾರದರ್ಶಕ ಬಾಟಲಿ, ಒಂದು ಸ್ಪೀಕರ್ ಮ್ಯಾಗ್ನೆಟ್, ಟಾರ್ಚು, ಕೈಗವಸು. ಪಿ.ಬಿ. ರಸ್ತೆಯ ಸ್ಪೇರ್ಸ್ ಅಂಗಡಿಗಳಿಗೆ ಹೋಗುವಾಗ ಆರ್‌ಸಿ ಫೋಟೋ ಫೋನಿನಲ್ಲಿರಲಿ. ಒಂದೇ ಹೆಸರಿನ ಗಾಡಿಗೆ ವರ್ಷದ ಮೇಲೆ ಫಿಲ್ಟರ್ ಬದಲಾಗಿರುತ್ತದೆ, ಚಾಸಿ ನಂಬರ್ ತೋರಿಸಿದರೆ ಸರಿಯಾದದ್ದು ಸಿಗುತ್ತದೆ.

ಸ್ಟಾರ್ಟ್ ಮಾಡುವ ಮುನ್ನ, ಮಾಡಿದ ಮೇಲೆ

ರಾತ್ರಿಯೆಲ್ಲಾ ನಿಂತ ಗಾಡಿಯ ಬಾನೆಟ್ ಎತ್ತಿ. ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಹೋದ ಸಲ ಹಾಕಿದ ಮಟ್ಟಕ್ಕಿಂತ ಎಷ್ಟು ಇಳಿದಿದೆ ಬರೆದುಕೊಳ್ಳಿ. ಇಳಿಯುವುದು ಎಲ್ಲರಿಗೂ ಗೊತ್ತು. ಮಟ್ಟ ಏರಿದ್ದರೆ ಅದು ಇನ್ನೂ ಕೆಟ್ಟ ಸುದ್ದಿ. ನೋಝಲ್ (ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಸೋರಿ ಡೀಸೆಲ್ ಆಯಿಲ್‌ಗೆ ಇಳಿಯುತ್ತಿರಬಹುದು. ಬೆರಳಿಗೆ ಹಚ್ಚಿ ಮೂಸಿ ನೋಡಿ, ಡೀಸೆಲ್ ವಾಸನೆ ಹೊಡೆದರೆ ಮೊದಲು ಆ ಕಡೆ ಗಮನ ಕೊಡಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಗಾಡಿಗಳಲ್ಲಿ ಊರೊಳಗೇ ಜಾಸ್ತಿ ಓಡಿಸಿದರೂ ಹೀಗಾಗುತ್ತದೆ.

ಈಗ ಸ್ಟಾರ್ಟ್ ಮಾಡಿ, ಯಾರಾದರೂ ಒಬ್ಬರು ಇಂಜಿನ್ ಪಕ್ಕ ನಿಂತು ಕೇಳಲಿ. ಈ 1.3 ಇಂಜಿನ್‌ಗೆ ಟೈಮಿಂಗ್ ಚೈನ್ (ವಾಲ್ವ್ ಮತ್ತು ಪಿಸ್ಟನ್ ಓಟವನ್ನು ಹೊಂದಿಸುವ ಸರಪಳಿ) ಇದೆ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದೆರಡು ಸೆಕೆಂಡ್ ಗರಗರ ಸದ್ದು ಬಂದು ನಿಂತರೆ ನಿಗಾ ಇಡಿ. ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬರುತ್ತಲೇ ಇದ್ದರೆ ಇವತ್ತಿನ ಸರ್ವಿಸ್ ಬಿಡಿ, ಚೈನ್ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಹೋಗಿ. ಚೈನ್ ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಮನೆಯಲ್ಲಿ ಮಾಡುವ ಕೆಲಸವಲ್ಲ ಇದು. ಹಳೆಯ 2.5 ಲೀಟರ್ ಇನ್ನೋವಾದಂಥ ಗಾಡಿಯಾದರೆ ಚೈನ್ ಬದಲು ಬೆಲ್ಟ್ ಇರುತ್ತದೆ. ಬೆಲ್ಟ್ ಸದ್ದು ಮಾಡಿ ಎಚ್ಚರಿಸುವುದಿಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು ಬೆಲ್ಟ್ ಹಾಕಿದ ಬಿಲ್ ಇಲ್ಲ ಎಂದರೆ, ಹಾಕಿಲ್ಲ ಎಂದೇ ಲೆಕ್ಕ ಹಿಡಿಯಿರಿ.

ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಕ್ಯಾಪ್ ಬಿಚ್ಚಿ, ಬೋರಲು ಮಾಡಿ ಅದೇ ಬಾಯಿಯ ಮೇಲೆ ಇಡಿ. ಸ್ವಲ್ಪ ಅದುರುವುದು ಡೀಸೆಲ್ ಇಂಜಿನ್‌ನಲ್ಲಿ ಮಾಮೂಲು. ಕುಣಿದು ಕೆಳಗೆ ಬಿದ್ದು, ಬಾಯಿಂದ ಹೊಗೆ ಬುಸಬುಸ ಬಂದರೆ ಪಿಸ್ಟನ್ ರಿಂಗ್ ಸವೆದು ಗಾಳಿ ಕೆಳಗೆ ಇಳಿಯುತ್ತಿದೆ ಎಂದರ್ಥ. ಆಗ ದುಬಾರಿ ಆಯಿಲ್ ಹಾಕಿ ಸರಿ ಮಾಡಬಹುದು ಎಂಬ ಆಸೆ ಇಟ್ಟುಕೊಳ್ಳಬೇಡಿ.

ಸೈಲೆನ್ಸರ್ ಕಡೆಯೂ ನೋಡಿ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಡೀಸೆಲ್ ಜಾಸ್ತಿ: ಏರ್ ಫಿಲ್ಟರ್, ಇಂಟರ್‌ಕೂಲರ್ ಪೈಪು (ಟರ್ಬೋದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗದ್ದು), ಇಜಿಆರ್ (ಹೊಗೆಯ ಸ್ವಲ್ಪ ಪಾಲನ್ನು ಮತ್ತೆ ಇಂಜಿನ್ ಒಳಗೆ ಕಳಿಸುವ ವಾಲ್ವ್), ನೋಝಲ್, ಈ ಕ್ರಮದಲ್ಲಿ ಹುಡುಕಿ. ಅಗ್ಗದ್ದರಿಂದ ಶುರು ಮಾಡಬೇಕು, ನೋಝಲ್ ಕೊನೆಗೆ. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಮಾತ್ರ ಬಿಳಿ ಹೊಗೆ ಬಂದು ಕಣ್ಣುರಿ ಆದರೆ ಗ್ಲೋ ಪ್ಲಗ್ (ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಒಳಗೆ ಬಿಸಿ ಮಾಡುವ ಭಾಗ) ನೋಡಿ. ಬಿಸಿಯಾದ ಮೇಲೂ ಬಿಳಿ ಹೊಗೆ, ಸಿಹಿ ವಾಸನೆ, ಕೂಲೆಂಟ್ ಇಳಿಯುವುದು ಮೂರೂ ಸೇರಿದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಅನುಮಾನ.

ಇಂಜಿನ್ ಆಯಿಲ್

ಒಂದು ಹತ್ತು ನಿಮಿಷ ಓಡಿಸಿಕೊಂಡು ಬಂದು, ಹತ್ತು ನಿಮಿಷ ಬಿಡಿ. ಉಗುರು ಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಇದ್ದರೆ ಎಣ್ಣೆ ಕೆಸರನ್ನೂ ಎಳೆದುಕೊಂಡು ಬರುತ್ತದೆ. ಮೇಲಿನ ಕ್ಯಾಪ್ ತೆಗೆಯಿರಿ. ಕೆಳಗೆ ಹೋಗಿ ಡ್ರೈನ್ ಬೋಲ್ಟ್‌ಗೆ ಸರಿಯಾಗಿ ಕೂರುವ ಪಾನಾ ಹಾಕಿ ಸಡಿಲಿಸಿ, ಕೊನೆಯ ಸುತ್ತುಗಳನ್ನು ಕೈಯಲ್ಲೇ ಒಳಕ್ಕೆ ಒತ್ತಿಕೊಂಡು ತಿರುಗಿಸಿ, ಪೂರ್ತಿ ಬಿಚ್ಚಿದೆ ಅನಿಸಿದಾಗ ಥಟ್ಟನೆ ಪಕ್ಕಕ್ಕೆ ಎಳೆಯಿರಿ. ಬಿಸಿ ಎಣ್ಣೆ ಮೊದಲು ದೂರಕ್ಕೆ ಚಿಮ್ಮಿ ಆಮೇಲೆ ನೇರ ಬೀಳುತ್ತದೆ, ಟಬ್ಬನ್ನು ಆ ಲೆಕ್ಕದಲ್ಲಿ ಇಡಿ.

ಅರ್ಧ ಗಂಟೆ ಸೋರಲಿ. ಆ ಅರ್ಧ ಗಂಟೆ ನಿಮ್ಮ ಓದುವ ಹೊತ್ತು.

ಡೀಸೆಲ್ ಇಂಜಿನ್ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ, ಬಣ್ಣ ನೋಡಿ ಗಾಬರಿ ಬೇಡ. ಬೆರಳುಗಳ ನಡುವೆ ಉಜ್ಜಿ. ನುಣ್ಣಗೆ ಜಾರಬೇಕು, ಮರಳಿನ ಹಾಗೆ ತರಿ ಸಿಗಬಾರದು. ಮ್ಯಾಗ್ನೆಟ್ಟನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟಬ್ಬಿನಲ್ಲಿ ಎಳೆದಾಡಿ. ಕವರಿಗೆ ತೆಳ್ಳಗೆ ಬೂದು ಬಣ್ಣದ ಪೇಸ್ಟ್ ಹತ್ತಿದರೆ ಈ ವಯಸ್ಸಿಗೆ ಸಹಜ. ಚೂರು, ಮುಳ್ಳು ಕಂಡರೆ ಸಹಜ ಅಲ್ಲ. ಟಾರ್ಚ್ ಬೆಳಕಿನಲ್ಲಿ ತಾಮ್ರದ ಬಣ್ಣದ ಮಿನುಗು ಕಂಡರೆ ಬೇರಿಂಗ್ ಸವೆಯುತ್ತಿರಬಹುದು. ತಾಮ್ರ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಹಾಗಾಗಿ ಕಣ್ಣಲ್ಲೇ ನೋಡಬೇಕು. ಕಾಫಿಗೆ ಹಾಲು ಬೆರೆಸಿದ ಬಣ್ಣ ಬಂದರೆ ನೀರು ಸೇರಿದೆ, ಗಾಡಿ ಓಡಿಸಬೇಡಿ.

ಆಯಿಲ್ ಫಿಲ್ಟರ್ ಬಿಚ್ಚಿ. ಮುಚ್ಚಿದ ಡಬ್ಬಿಯ ಬದಲು ಬರೀ ಕಾಗದದ ಎಲಿಮೆಂಟ್ ಹಾಕುವ ಗಾಡಿಯಾದರೆ ನಿಮ್ಮ ಅದೃಷ್ಟ. ಬ್ಲೇಡಿನಿಂದ ಆ ಮಡಿಕೆ ಕಾಗದವನ್ನು ಕತ್ತರಿಸಿ, ಹಿಂಡಿ, ಹಳೆಯ ಪೇಪರ್ ಮೇಲೆ ಸೀರೆ ನೆರಿಗೆ ಬಿಡಿಸಿದ ಹಾಗೆ ಉದ್ದಕ್ಕೆ ಹರಡಿ ಬಿಸಿಲಿಗೆ ಹಿಡಿಯಿರಿ. ಹೋದ ಸಲ ನನಗೆ ಎರಡು ಮಡಿಕೆಯ ನಡುವೆ ಉಗುರಿನ ಚೂರಿನಷ್ಟು ಕಂದು ಪ್ಲಾಸ್ಟಿಕ್ ತುಂಡು ಸಿಕ್ಕಿತು. ಚೈನ್ ಜಾರುವ ಗೈಡಿನದ್ದು ಇರಬಹುದು ಎಂದು ಅನುಮಾನ ಬಂದು ಮೆಕ್ಯಾನಿಕ್‌ಗೆ ತೋರಿಸಿದೆ. ತೆರೆದು ನೋಡಿದರೆ ಗೈಡ್ ಅಂಚು ಮುರಿದಿತ್ತು. ಚೈನ್ ಸೆಟ್ ಹಾಕಿಸಿದೆವು, ಇಂಜಿನ್ ಉಳಿಯಿತು.

ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್ ಹಾಕಿ. ಮೊದಲ ನಾಲ್ಕೈದು ಸುತ್ತು ಬರೀ ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಬಲ ಹಾಕದೆ ತೆಗೆದು, ಒರೆಸಿ, ಮತ್ತೆ ನೇರ ಹಿಡಿಯಿರಿ. ಫಿಲ್ಟರ್ ಕ್ಯಾಪಿನ ರಬ್ಬರ್ ರಿಂಗಿಗೆ ಹೊಸ ಆಯಿಲ್ ಸವರಿ ಹಾಕಿ. ಹಳೆಯ ರಿಂಗ್ ಕಿತ್ತು ಬಂದಿದೆಯಾ ನೋಡಿಕೊಳ್ಳಿ, ಹಳೆಯದರ ಮೇಲೇ ಹೊಸದು ಕೂತರೆ ಆಯಿಲ್ ಸೋರಿಹೋಗುತ್ತದೆ.

ಗ್ರೇಡ್ ಮ್ಯಾನ್ಯುಯಲ್‌ನಲ್ಲಿ ಬರೆದಿರುವುದನ್ನೇ ಹಾಕಿ. ಹಳೆಯ ಗಾಡಿ, ದಪ್ಪ ಆಯಿಲ್ ಹಾಕು ಎನ್ನುವವರು ಬಹಳ ಜನ ಇದ್ದಾರೆ. ತೀರಾ ದಪ್ಪ ಎಣ್ಣೆ ಬೆಳಗಿನ ಸ್ಟಾರ್ಟಿಗೆ ಟರ್ಬೋ ಮತ್ತು ಚೈನ್ ಟೆನ್ಷನರ್‌ಗೆ ತಡವಾಗಿ ತಲುಪುತ್ತದೆ. ನಮ್ಮ ಇಂಜಿನ್ ಮೂರು ಲೀಟರ್ ಚಿಲ್ಲರೆ ಹಿಡಿಯುತ್ತದೆ. ಮೊದಲು ಎರಡೂವರೆ ಹಾಕಿ, ಐದು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ಸೇರಿಸಿ. ಮೇಲಿನ ಗೆರೆ ದಾಟಿಸಬೇಡಿ. ಡೀಸೆಲ್ ಇಂಜಿನ್ ಹೆಚ್ಚಾದ ಆಯಿಲ್ಲನ್ನು ಉಸಿರುಪೈಪಿನಿಂದ ಎಳೆದುಕೊಂಡು ಉರಿಸಲು ಶುರು ಮಾಡಿದರೆ ಕೀ ತೆಗೆದರೂ ನಿಲ್ಲದೆ ಓಡಬಹುದು. ಸ್ಟಾರ್ಟ್ ಮಾಡಿದ ಮೇಲೆ ಆಯಿಲ್ ದೀಪ ಆರುವ ತನಕ ಎಕ್ಸಲೇಟರ್ ಮುಟ್ಟಬೇಡಿ, ಆ ಕ್ಷಣದಲ್ಲಿ ಟರ್ಬೋ ಒಣಗಿರುತ್ತದೆ.

ನಾನು 10,000 ಕಿಲೋಮೀಟರ್ ತನಕ ಕಾಯುವುದಿಲ್ಲ, 7,500ಕ್ಕೇ ಬದಲಾಯಿಸುತ್ತೇನೆ. ತೆಗೆದ ಎಣ್ಣೆಯನ್ನು ಅದೇ ಕ್ಯಾನಿಗೆ ತುಂಬಿ ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಗೆದ್ದಲು ಹತ್ತುವುದಿಲ್ಲ ಎಂದು ಬೇಲಿ ಕಂಬಕ್ಕೆ ಬಳಿಯುವುದು, ಚರಂಡಿಗೆ ಸುರಿಯುವುದು ಎರಡೂ ಬೇಡ. ನಮ್ಮದೇ ಬೋರ್ ನೀರಿಗೆ ಇಳಿಯುತ್ತದೆ ಅಲ್ವಾ.

ಡೀಸೆಲ್ ಫಿಲ್ಟರ್

ಎಲ್ಲಕ್ಕಿಂತ ಮೊದಲು ಒಂದು ಮಾತು. ನಮ್ಮದರಂಥ ಕಾಮನ್ ರೈಲ್ (ಎಲ್ಲಾ ನೋಝಲ್‌ಗೂ ಒಂದೇ ಹೆಚ್ಚಿನ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ) ಇಂಜಿನ್‌ನಲ್ಲಿ ಪಂಪಿನಿಂದ ನೋಝಲ್‌ಗೆ ಹೋಗುವ ಉಕ್ಕಿನ ಪೈಪುಗಳಲ್ಲಿ ಒತ್ತಡ 1000 ಬಾರ್‌ಗೂ ಮೇಲೆ ಹೋಗುತ್ತದೆ. ಚಕ್ರದ ಗಾಳಿ ಎರಡು ಚಿಲ್ಲರೆ ಬಾರ್ ಎಂದರೆ ಲೆಕ್ಕ ಹಾಕಿಕೊಳ್ಳಿ. ಹಳೆಯ ಟ್ರ್ಯಾಕ್ಟರ್‌ನಲ್ಲಿ ಮಾಡಿದ ಹಾಗೆ ಇಂಜಿನ್ ಓಡುವಾಗ ನೋಝಲ್ ನಟ್ಟು ಸಡಿಲಿಸಿ ಏರ್ ತೆಗೆಯಲು ಹೋಗಬೇಡಿ. ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಫಿಲ್ಟರ್ ಕೆಲಸ ಕಡಿಮೆ ಒತ್ತಡದ ಕಡೆಯದ್ದು, ಮನೆಯಲ್ಲಿ ಮಾಡಬಹುದು. ಇಂಜಿನ್ ಆರಿ ತಣ್ಣಗಾಗಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಸುತ್ತಲಿನ ಧೂಳನ್ನು ಮೊದಲು ಬ್ರಷ್‌ನಿಂದ ತೆಗೆಯಿರಿ. ಫಿಲ್ಟರ್ ಅಡಿಯ ನೀರಿನ ತಿರುಪನ್ನು ಸಡಿಲಿಸಿ ಒಂದು ಲೋಟದಷ್ಟನ್ನು ಪಾರದರ್ಶಕ ಬಾಟಲಿಗೆ ಹಿಡಿದು, ಅಲ್ಲಾಡಿಸದೆ ಅರ್ಧ ಗಂಟೆ ಇಡಿ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಗಾಡಿ ಪಿಕಪ್ ಕಳೆದುಕೊಂಡಿತ್ತು. ಹೀಗೆ ಹಿಡಿದ ಬಾಟಲಿಯಲ್ಲಿ ಮೇಲೆ ತಿಳಿ ಹಳದಿ ಡೀಸೆಲ್, ಕೆಳಗೆ ಒಂದು ಬೆರಳು ಅಗಲ ನೀರು, ಎರಡರ ನಡುವೆ ಕಂದು ಬಣ್ಣದ ಕೆನೆಯ ಪದರ. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದ ಡೀಸೆಲ್ ಹಾಕಿದ್ದು ಆಗ ನೆನಪಾಯಿತು. ನೀರು ಪಂಪ್ ತನಕ ಹೋಗಿದ್ದರೆ ಒಳಗೆ ತುಕ್ಕು ಹಿಡಿದು ಪಂಪು, ನೋಝಲ್ ಎರಡೂ ಹಾಳಾಗುತ್ತಿದ್ದವು. ಈಗ ಪ್ರತಿ ಆಯಿಲ್ ಸರ್ವಿಸ್‌ನಲ್ಲೂ ನೀರು ಇಳಿಸುತ್ತೇನೆ, ಎರಡು ಸರ್ವಿಸ್‌ಗೊಮ್ಮೆ ಫಿಲ್ಟರೇ ಬದಲಾಯಿಸುತ್ತೇನೆ. ದೀಪ ಹತ್ತಲಿ ಎಂದು ಕಾಯುವುದಿಲ್ಲ.

ಹೊಸ ಫಿಲ್ಟರ್ ಹಾಕುವಾಗ ಪೈಪುಗಳ ಫೋಟೋ ತೆಗೆದುಕೊಂಡು ಬಿಚ್ಚಿ. ಬಿಚ್ಚಿದ ಬಾಯಿಗಳನ್ನು ಶುದ್ಧ ಪ್ಲಾಸ್ಟಿಕ್‌ನಿಂದ ಮುಚ್ಚಿ. ನೂಲು ಬಿಡುವ ಬಟ್ಟೆ ಬೇಡವೇ ಬೇಡ. ಸೋಸದ ಡೀಸೆಲ್ಲನ್ನು ಫಿಲ್ಟರ್‌ನಿಂದ ಇಂಜಿನ್ ಕಡೆಗೆ ಹೋಗುವ ತೂತಿಗೆ ಸುರಿಯಬೇಡಿ, ಆ ಕಸ ನೇರ ಪಂಪಿಗೆ ಹೋಗುತ್ತದೆ. ಕೈಪಂಪ್ ಇರುವ ಗಾಡಿಯಲ್ಲಿ ಅದು ಗಟ್ಟಿಯಾಗುವ ತನಕ ಒತ್ತಿ. ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇದ್ದರೆ ಕೀ ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆಫ್ ಮಾಡಿ, ಹೀಗೆ ಐದಾರು ಸಲ. ಆಮೇಲೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಅರ್ಧ ನಿಮಿಷ ಬಿಡಿ.

ಗಾಳಿ, ಧೂಳು, ಮಸಿ

ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಕಡೆ ಓಡಾಡುವ ಗಾಡಿಗೆ ಏರ್ ಫಿಲ್ಟರ್ ವಿಷಯದಲ್ಲಿ ಮ್ಯಾನ್ಯುಯಲ್ ಲೆಕ್ಕ ಸಾಲದು. ರಸ್ತೆ ಬದಿಯಲ್ಲಿ ರಾಶಿ ಹಾಕಿ ಒಣಗಿಸುವಾಗ, ಮಷಿನ್ ಹಾಕುವಾಗ ಹಾರುವ ತೆಳು ಹೊಟ್ಟು ಫಿಲ್ಟರ್ ಮಡಿಕೆಗಳಲ್ಲಿ ತುಂಬಿಕೊಳ್ಳುತ್ತದೆ. ಕೊಡವಿ, ಬೆಳಕಿಗೆ ಹಿಡಿದು ನೋಡಿ, ಬೆಳಕು ದಾಟದಿದ್ದರೆ ಹೊಸದು ಹಾಕಿ. ಕಂಪ್ರೆಸರ್ ಗಾಳಿ ಹೊಡೆದರೆ ಕಾಗದ ತೂತಾಗಬಹುದು. ಫಿಲ್ಟರ್‌ಗಿಂತ ಮುಖ್ಯವಾಗಿ, ಫಿಲ್ಟರ್ ದಾಟಿದ ಕಡೆಯ ಡಬ್ಬಿಯ ಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಅಲ್ಲಿ ಧೂಳಿದ್ದರೆ ಅಂಚಿನಿಂದ ಗಾಳಿ ನುಸುಳುತ್ತಿದೆ, ಅದು ಟರ್ಬೋ ರೆಕ್ಕೆಯನ್ನೂ ರಿಂಗನ್ನೂ ತಿನ್ನುತ್ತದೆ.

ಇಂಟರ್‌ಕೂಲರ್ ರಬ್ಬರ್ ಪೈಪನ್ನು ಎರಡೂ ಕೈಯಲ್ಲಿ ಬಗ್ಗಿಸಿ ಬಿರುಕು ನೋಡಿ. ತೆಳ್ಳಗೆ ಎಣ್ಣೆ ಪಸೆ ಇರುವುದು ಮಾಮೂಲು, ಹನಿ ಕಟ್ಟಿದ್ದರೆ ಟರ್ಬೋ ಸೀಲ್ ನೋಡಿಸಿ.

ಇಜಿಆರ್ ವಾಲ್ವ್ ಬಿಚ್ಚುವ ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ. ಒಳಗೆ ಒಲೆ ಮಸಿಗೆ ಎಣ್ಣೆ ಕಲಸಿದ ಹಾಗೆ ಗಟ್ಟಿ ಪದರ ಕಟ್ಟಿರುತ್ತದೆ. ಮೂಗಿಗೆ ಮಾಸ್ಕ್ ಹಾಕಿ, ಪ್ಲಾಸ್ಟಿಕ್ ತುಂಡಿನಿಂದ ಕೆರೆದು, ಕ್ಲೀನರ್ ಹೊಡೆದು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಮೋಟಾರ್ ಇರುವ ಭಾಗ ನೆನೆಯಬಾರದು. ಪೂರ್ತಿ ಒಣಗಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ. ಕ್ಲೀನರ್ ದ್ರವ ಒಳಗೆ ನಿಂತಿದ್ದರೆ ಇಂಜಿನ್ ಅದನ್ನೇ ಉರಿಸಿಕೊಂಡು ರೇಸ್ ಆಗಬಹುದು. ತಗಡು ಹಾಕಿ ಇಜಿಆರ್ ಮುಚ್ಚಿಬಿಡಿ ಎಂಬ ಸಲಹೆ ಸಿಗುತ್ತದೆ. ನಾನು ಮಾಡುವುದಿಲ್ಲ, ಆ ಹೊಗೆ ಕುಡಿಯುವವರು ನಮ್ಮ ಓಣಿಯ ಮಕ್ಕಳೇ.

ಕೂಲೆಂಟ್

ಬಿಸಿ ಇಂಜಿನ್‌ನ ಕ್ಯಾಪ್ ತೆಗೆಯಬೇಡಿ, ರಾತ್ರಿ ನಿಂತ ಗಾಡಿಯಲ್ಲಿ ಮಾತ್ರ. ಹಳೆಯದನ್ನು ಇಳಿಸಿ ಒಂದು ಬಾಟಲಿಗೆ ಹಿಡಿದು ನೋಡಿ. ಬಣ್ಣ ಮಾಸಿದ್ದರೆ ಸರಿ, ತುಕ್ಕಿನ ಬಣ್ಣ ಇದ್ದರೆ ತೊಳೆಯಬೇಕು, ಮೇಲೆ ಎಣ್ಣೆ ತೇಲಿದರೆ ಮೆಕ್ಯಾನಿಕ್ ಬೇಕು.

ಬೋರ್ ನೀರು ಹಾಕಲೇಬೇಡಿ. ನಮ್ಮ ಮನೆಯ ನೀರು ಕಾಯಿಸುವ ಕಾಯಿಲ್ ಮೇಲೆ ಆರು ತಿಂಗಳಿಗೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟುತ್ತದೆ, ನಿಮ್ಮ ಮನೆಯಲ್ಲೂ ಕಟ್ಟಿರಬಹುದು. ರೇಡಿಯೇಟರ್ ಒಳಗೂ ಅದೇ ಆಗುತ್ತದೆ. ನಮ್ಮ ಚಿಕ್ಕಪ್ಪನ ಗಾಡಿ ಬೇಸಿಗೆಯಲ್ಲಿ ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರ್ ಕಡೆಗೆ ಬಿಡುವ ವಾಲ್ವ್) ಬಿಚ್ಚಿದರೆ ಸ್ಪ್ರಿಂಗ್ ಮೇಲೆಲ್ಲಾ ಅದೇ ಬಿಳಿ ಪದರ ಗಟ್ಟಿಯಾಗಿ ಕೂತು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತಂದು ಕೂಲೆಂಟ್ ಜೊತೆ ಅರ್ಧಕ್ಕರ್ಧ ಬೆರೆಸಿ, ಅಥವಾ ಬೆರೆಸಿದ್ದನ್ನೇ ಕೊಳ್ಳಿ. ಎರಡು ಬಗೆಯ ಕೂಲೆಂಟ್ ಕಲಸಬೇಡಿ. ತುಂಬಿದ ಮೇಲೆ ಹೀಟರ್ ಪೂರ್ತಿ ಬಿಸಿ ಕಡೆಗೆ ತಿರುಗಿಸಿ ಇಂಜಿನ್ ಓಡಿಸಿ. ಫ್ಯಾನ್ ಒಂದು ಸಲ ತಿರುಗಿ ನಿಲ್ಲುವ ತನಕ ಕಾದು, ತಣ್ಣಗಾದ ಮೇಲೆ ಮಟ್ಟ ಸರಿ ಮಾಡಿ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ, ಸಿಹಿ ಇರುತ್ತದೆ ಎಂದು ನಾಯಿ ನೆಕ್ಕಿದರೆ ಸಾಯಬಹುದು.

ರೇಡಿಯೇಟರ್ ಜಾಲರಿಯ ಹೊಟ್ಟನ್ನು ಇಂಜಿನ್ ಕಡೆಯಿಂದ ಹೊರಕ್ಕೆ, ಸಣ್ಣ ಧಾರೆಯ ನೀರಿನಿಂದ ತೆಗೆಯಿರಿ.

ಗಾಡಿ ಕೆಳಗೆ ಇರುವಾಗಲೇ

ಹುರುಳಿ, ರಾಗಿ ಒಕ್ಕಲು ಸಮಯದಲ್ಲಿ ರಸ್ತೆ ಮೇಲೆ ಹರಡಿದ ಹುಲ್ಲಿನ ಮೇಲೆ ಓಡಿಸಿದ್ದರೆ ಆಕ್ಸಲ್ ಸುತ್ತ, ಸೈಲೆನ್ಸರ್ ಮೇಲೆ ಸುತ್ತಿಕೊಂಡ ಹುಲ್ಲನ್ನು ಒಂದೊಂದೇ ಎಳೆ ಕತ್ತರಿಸಿ ತೆಗೆಯಿರಿ. ಬಿಸಿ ಸೈಲೆನ್ಸರ್‌ಗೆ ಒಣ ಹುಲ್ಲು ತಾಗಿ ಗಾಡಿಗೆ ಬೆಂಕಿ ಹತ್ತುವುದು ನಮ್ಮ ಕಡೆ ಸುಮ್ನೆ ಹೇಳುವ ಮಾತಲ್ಲ.

ಆಕ್ಸಲ್ ಬೂಟ್ (ಜಾಯಿಂಟಿನ ಗ್ರೀಸ್ ಹಿಡಿದಿಡುವ ರಬ್ಬರ್ ಚೀಲ) ಹರಿದಿದ್ದರೆ ಚಕ್ರದ ಒಳಮೈಗೆ ಗ್ರೀಸ್ ಸಿಡಿದಿರುತ್ತದೆ. ಹರಿದ ವಾರದಲ್ಲೇ ಬೂಟ್ ಹಾಕಿಸಿದರೆ ಕಡಿಮೆಯಲ್ಲಿ ಮುಗಿಯುತ್ತದೆ, ಬಿಟ್ಟರೆ ಜಾಯಿಂಟೇ ಹೋಗುತ್ತದೆ. ಹಂಪ್ಸ್ ಮೇಲೆ ಟಕಟಕ ಸದ್ದಿದ್ದರೆ ಸಸ್ಪೆನ್ಷನ್ ಲಿಂಕ್ ರಾಡನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ.

ಗೇರ್ ಆಯಿಲ್ ಬದಲಾಯಿಸುವುದಾದರೆ ತುಂಬುವ ಬೋಲ್ಟ್ ಮೊದಲು ಬಿಚ್ಚಿ, ಆಮೇಲೆ ಇಳಿಸುವುದು. ಇಳಿಸಿದ ಮೇಲೆ ತುಂಬುವ ಬೋಲ್ಟ್ ಬರದಿದ್ದರೆ ಗಾಡಿ ಅಲ್ಲೇ ನಿಂತಿತು. ಗಾಡಿ ಸಮಮಟ್ಟದಲ್ಲಿದ್ದು, ಅದೇ ತೂತಿನಿಂದ ಹೊರಚೆಲ್ಲುವ ತನಕ ತುಂಬಬೇಕು.

ಬ್ರೇಕ್ ಪ್ಯಾಡ್ 3 ಮಿಲಿಮೀಟರ್‌ಗೆ ಬಂದಿದ್ದರೆ ಬದಲಾಯಿಸಿ. ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ರಬ್ಬರ್ ಪೈಪಿಗೆ ನೇತಾಡಬಾರದು, ತಂತಿಯಿಂದ ಕಟ್ಟಿ. ಎಲ್ಲಾ ಮುಗಿದ ಮೇಲೆ, ಗಾಡಿ ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ತುಳಿಯಿರಿ. ಬ್ರೇಕ್ ಕೆಲಸ ಇದೇ ಮೊದಲ ಸಲ ಎಂದರೆ ಬಲ್ಲವರನ್ನು ಪಕ್ಕಕ್ಕೆ ಕೂರಿಸಿಕೊಂಡೇ ಮಾಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಹೊಸದು.

ಟೈರಿನ ಮೇಲಿನ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಡ್ಯಾಶ್‌ಬೋರ್ಡ್ ಡಬ್ಬಿಯ ಹಿಂದಿನ ಎಸಿ ಫಿಲ್ಟರ್ ಐದು ನಿಮಿಷದ ಕೆಲಸ, ಮರೆಯಬೇಡಿ.

ಓಡಿಸಿ ನೋಡುವುದು

ಹತ್ತು ನಿಮಿಷ ನಿಂತಲ್ಲೇ ಓಡಿಸಿ, ಟಾರ್ಚ್ ಹಾಕಿ ಡ್ರೈನ್ ಬೋಲ್ಟ್, ಫಿಲ್ಟರ್, ಪೈಪುಗಳ ಸುತ್ತ ನೋಡಿ. ಆಮೇಲೆ ನಾನು ಹರಿಹರದ ತನಕ ಹೋಗಿ ಬರುತ್ತೇನೆ. ಹೋಗುವಾಗ ನಿಧಾನ, ಬರುವಾಗ ಹೆದ್ದಾರಿಯಲ್ಲಿ ಮೂರನೇ ಗೇರಿನಲ್ಲಿ ಒಂದು ಸಲ ಪೂರ್ತಿ ತುಳಿದು ಪಿಕಪ್ ಮತ್ತು ಕನ್ನಡಿಯಲ್ಲಿ ಹೊಗೆ ಎರಡನ್ನೂ ನೋಡುತ್ತೇನೆ. ಮನೆಗೆ ಬಂದ ಕೂಡಲೇ ಕೀ ತೆಗೆಯಬೇಡಿ, ಒಂದು ನಿಮಿಷ ನಿಂತಲ್ಲೇ ಓಡಲಿ, ಟರ್ಬೋ ತಣಿಯಲಿ.

ಕಿಲೋಮೀಟರ್, ತಾರೀಖು, ಹಾಕಿದ್ದೇನು, ಹೊರಗೆ ಬಂದಿದ್ದು ಹೇಗಿತ್ತು ಎಲ್ಲಾ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹರಡಿದ ಫಿಲ್ಟರ್ ಕಾಗದದ ಫೋಟೋ ಇಟ್ಟುಕೊಂಡರೆ ಮುಂದಿನ ಸಲ ಪಕ್ಕಕ್ಕಿಟ್ಟು ಹೋಲಿಸಬಹುದು. ರಾತ್ರಿ ಮಲಗುವ ಮುಂಚೆ ಇಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ರಟ್ಟು ಒಣಗಿದ್ದರೆ ಕೆಲಸ ಮುಗಿಯಿತು. ಹನಿ ಬಿದ್ದಿದ್ದರೆ ರಟ್ಟನ್ನು ಎಳೆಯುವ ಮೊದಲು ಹನಿ ಯಾವುದರ ನೇರಕ್ಕಿದೆ ಎಂದು ಬಗ್ಗಿ ನೋಡಿ ಗುರುತು ಹಾಕಿ, ಅಲ್ಲಿಂದಲೇ ಹುಡುಕಲು ಶುರು ಮಾಡಿ.